ಬಲಗಡೆಯ ಸೀಟಿಗೆ ಹೋಗುವ ಮುನ್ನ

ಕಮರ್ಷಿಯಲ್ ಪೈಲಟ್ ಪರವಾನಗಿ ಕೈಗೆ ಬಂದ ಮೇಲೆ ಹುಡುಗರು, ಹುಡುಗಿಯರು ನನಗೆ ಫೋನ್ ಮಾಡುತ್ತಾರೆ. ಹೆಚ್ಚಿನವರ ಪ್ರಶ್ನೆ ಒಂದೇ: ‘ಮೇಡಂ, ಏರ್‌ಲೈನ್ ಕೆಲಸ ಸಿಗುವವರೆಗೆ ಇನ್‌ಸ್ಟ್ರಕ್ಟರ್ ಆಗಿರೋಣ ಎಂದುಕೊಂಡಿದ್ದೇನೆ, ಏನೇನು ಮಾಡಬೇಕು?’ ಮಾಡಬೇಕಾದುದನ್ನು ಹೇಳುವುದಕ್ಕೆ ಹತ್ತು ನಿಮಿಷ ಸಾಕು. ಆದರೆ ನನ್ನ ಕಿವಿ ನಿಲ್ಲುವುದು ಆ ‘ವರೆಗೆ’ ಎಂಬಲ್ಲಿ. ಅದಕ್ಕೆ ಉತ್ತರ ಹೇಳುವುದಕ್ಕೇ ಇಷ್ಟನ್ನೂ ಬರೆಯುತ್ತಿದ್ದೇನೆ.

ನಾನು ತಿಪಟೂರಿನವಳು. ಜಕ್ಕೂರಿನಲ್ಲಿ ಹಾರಲು ಕಲಿತೆ. ಕಲಿಸಲು ತೊಡಗಿ ಹದಿನಾಲ್ಕು ವರ್ಷವಾಯಿತು. ಎರಡು ಮೂರು ಊರು ಸುತ್ತಿ ಈಗ ಕಲಬುರಗಿಯಲ್ಲಿದ್ದೇನೆ. 2021ರಲ್ಲಿ ಬೆಳಗಾವಿ ಮತ್ತು ಕಲಬುರಗಿ ವಿಮಾನ ನಿಲ್ದಾಣಗಳಲ್ಲಿ ತರಬೇತಿ ಶಾಲೆಗಳಿಗೆ ಜಾಗ ಕೊಟ್ಟ ಮೇಲೆ ನಮ್ಮ ರಾಜ್ಯದಲ್ಲಿ ಕಲಿಯುವವರ ಜೊತೆಗೆ ಕಲಿಸುವವರ ಅಗತ್ಯವೂ ಹೆಚ್ಚಿದೆ. ಹಾಗಾಗಿ ಬನ್ನಿ. ಬರುವ ಮುನ್ನ ಒಂದು ವಿಷಯವನ್ನು ನಿಮಗೆ ನೀವೇ ಸ್ಪಷ್ಟಪಡಿಸಿಕೊಳ್ಳಿ.

ಅಮೆರಿಕದಲ್ಲಿ ಏರ್‌ಲೈನ್ ಸೇರಲು ಸಾಮಾನ್ಯವಾಗಿ 1500 ಗಂಟೆಗಳ ಹಾರಾಟ ಬೇಕು. ಅದನ್ನು ಕೂಡಿಸಲು ಅಲ್ಲಿನ ಹೊಸ ಪೈಲಟ್‌ಗಳಲ್ಲಿ ಬಹಳ ಜನ ಕಲಿಸುವ ಕೆಲಸ ಹಿಡಿಯುತ್ತಾರೆ. ನಮ್ಮಲ್ಲಿ ಹಾಗಿಲ್ಲ. 200 ಗಂಟೆಗೆ ಕಮರ್ಷಿಯಲ್ ಪರವಾನಗಿ ಸಿಗುತ್ತದೆ; ಅದರ ಮೇಲೆ ನಿರ್ದಿಷ್ಟ ಮಾದರಿಯ ವಿಮಾನ ಹಾರಿಸುವ ಅರ್ಹತೆಯಾದ ಟೈಪ್ ರೇಟಿಂಗ್ ಮಾಡಿಕೊಂಡು, ಆಯ್ಕೆಯಾದರೆ, ಏರ್‌ಲೈನ್‌ನ ಸಹ ಪೈಲಟ್ ಸೀಟಿನಲ್ಲಿ ಕೂರಬಹುದು. 1500 ಗಂಟೆ ಬೇಕಾಗುವುದು ಏರ್‌ಲೈನ್ ಪೈಲಟ್ ಪರವಾನಗಿಯಾದ ಎಟಿಪಿಎಲ್‌ಗೆ, ಅಂದರೆ ಕಮಾಂಡರ್ ಆಗುವ ದಾರಿಯಲ್ಲಿ. ಆದ್ದರಿಂದ ಇಲ್ಲಿ ಕಲಿಸಲು ಬರುವವರು ಎರಡು ಬಗೆ: ಕೆಲಸಕ್ಕೆ ಕಾಯುತ್ತಿರುವವರು, ಕಲಿಸಲೆಂದೇ ಬಂದವರು. ಮೊದಲನೆಯ ಬಗೆಯವರನ್ನು ನಾನು ಕೀಳಾಗಿ ಕಾಣುವುದಿಲ್ಲ. ಸಾಲ ತೀರಿಸುವ ಚಿಂತೆ ಎಲ್ಲರಿಗೂ ಇದ್ದದ್ದೇ. ಅವರಿಗೆ ನನ್ನ ಷರತ್ತು ಒಂದೇ. ಯಾರನ್ನು ಶಿಷ್ಯನೆಂದು ಒಪ್ಪಿಕೊಂಡಿರೋ ಅವನನ್ನು ನಡುದಾರಿಯಲ್ಲಿ ಬಿಟ್ಟು ಹೋಗಬೇಡಿ. ಮೊದಲ ಸೋಲೋಗೆ, ಅಂದರೆ ಒಂಟಿ ಹಾರಾಟಕ್ಕೆ, ಇನ್ನು ಎರಡು ಹಾರಾಟ ಇದೆ ಎನ್ನುವಾಗ ಇನ್‌ಸ್ಟ್ರಕ್ಟರ್ ಬದಲಾದರೆ, ಹೊಸಬರು ಅವನ ಕೈಯನ್ನು ಮೊದಲಿನಿಂದ ಅರಿಯಬೇಕಾಗುತ್ತದೆ. ಅಷ್ಟರಲ್ಲಿ ಐದಾರು ಗಂಟೆ ಕಳೆಯುತ್ತದೆ, ಮನೆಯವರು ಹೊಲ ಅಡವಿಟ್ಟು ತಂದ ಹಣ ಅಷ್ಟರಮಟ್ಟಿಗೆ ಕರಗುತ್ತದೆ. ಎರಡು ವರ್ಷ ಕೊಡಲಾಗುತ್ತದೆಯೇ ಎಂದು ಲೆಕ್ಕ ಹಾಕಿ. ಮಳೆಗಾಲದ ಮೋಡ, ಚಳಿಗಾಲದ ಮಂಜು, ವರ್ಕ್‌ಶಾಪ್‌ನಲ್ಲಿ ನಿಂತ ವಿಮಾನ, ಇವೆಲ್ಲ ಸೇರಿ ಒಬ್ಬ ವಿದ್ಯಾರ್ಥಿಯ 200 ಗಂಟೆ ಮುಗಿಯುವುದಕ್ಕೆ ಒಂದು ವರ್ಷ ಸುಲಭವಾಗಿ ಹಿಡಿಯುತ್ತದೆ.

ಇನ್ನು ಕ್ರಮ. ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎಯ ನಿಯಮದಲ್ಲಿ ಇದಕ್ಕೆ ಎರಡು ಮೆಟ್ಟಿಲು. ಮೊದಲು ಅಸಿಸ್ಟೆಂಟ್ ಫ್ಲೈಟ್ ಇನ್‌ಸ್ಟ್ರಕ್ಟರ್ ರೇಟಿಂಗ್, ಅನುಭವ ಕೂಡಿದ ಮೇಲೆ ಫ್ಲೈಟ್ ಇನ್‌ಸ್ಟ್ರಕ್ಟರ್ ರೇಟಿಂಗ್. ಅಸಿಸ್ಟೆಂಟ್ ಆಗಿರುವಷ್ಟು ಕಾಲ ಹಿರಿಯ ಇನ್‌ಸ್ಟ್ರಕ್ಟರ್ ಒಬ್ಬರ ಉಸ್ತುವಾರಿಯಲ್ಲೇ ಕಲಿಸಬೇಕು. ವಿದ್ಯಾರ್ಥಿಯನ್ನು ಮೊದಲ ಬಾರಿ ಒಂಟಿಯಾಗಿ ಹಾರಲು ಬಿಡುವ ನಿರ್ಧಾರ ಅವರದು. ಕೆಲವರಿಗೆ ಇದು ಅವಮಾನದಂತೆ ಕಾಣುತ್ತದೆ. ನನಗೆ ಆ ಕಾಲ ವರದಾನವಾಗಿತ್ತು. ನನ್ನ ವಿದ್ಯಾರ್ಥಿ ಸಿದ್ಧ ಎಂದು ನಾನು ಹೇಳಿದಾಗ ಅವರು ಅವನ ಜೊತೆ ಒಂದು ಸುತ್ತು ಹಾರಿ ಬಂದು, ನಾನು ನೋಡದೇ ಬಿಟ್ಟದ್ದನ್ನು ಹೇಳುತ್ತಿದ್ದರು. ನನ್ನ ಕಣ್ಣು ಪಳಗಿದ್ದು ಹಾಗೆ. ವೈದ್ಯಕೀಯ ಪ್ರಮಾಣಪತ್ರ, ರೇಡಿಯೊ ಪರವಾನಗಿ, ಅರ್ಜಿ, ಶುಲ್ಕ ಇತ್ಯಾದಿಗಳ ವಿವರ ಡಿಜಿಸಿಎ ಜಾಲತಾಣದಲ್ಲಿ ಸಿಗುತ್ತದೆ; ನಿಯಮಗಳು ತಿದ್ದುಪಡಿಯಾಗುತ್ತಿರುತ್ತವೆ, ಅಲ್ಲೇ ನೋಡಿಕೊಳ್ಳಿ.

ರೇಟಿಂಗ್ ತರಬೇತಿಯಲ್ಲಿ ಮೊದಲು ಕೈಕೊಡುವುದು ನಿಮ್ಮ ಕೈಗಳೇ. ಇಲ್ಲಿಯವರೆಗೆ ಎಡಗಡೆ ಕುಳಿತು ಎಡಗೈಯಲ್ಲಿ ಯೋಕ್ (ವಿಮಾನವನ್ನು ತಿರುಗಿಸುವ, ಏರಿಳಿಸುವ ಹಿಡಿ), ಬಲಗೈಯಲ್ಲಿ ಥ್ರಾಟಲ್ (ಎಂಜಿನ್ ಶಕ್ತಿ ಹೆಚ್ಚು ಕಡಿಮೆ ಮಾಡುವ ಗುಂಡಿ) ಹಿಡಿದವರು ಈಗ ಬಲಗಡೆಗೆ ಬಂದು ಎಲ್ಲವನ್ನೂ ತಿರುವುಮುರುವಾಗಿ ಹಿಡಿಯಬೇಕು. ವೇಗ ತೋರಿಸುವ ಮುಳ್ಳು ದೂರದ ಎಡತುದಿಯಲ್ಲಿದೆ. ಓರೆಯಾಗಿ ನೋಡಿದಾಗ ಓದುವ ಅಂಕಿಯೇ ಬೇರೆಯಾಗುತ್ತದೆ. ರನ್‌ವೇಯ ನಡುಗೆರೆ ಎಲ್ಲಿದೆ ಎಂಬುದೂ ಕಣ್ಣಿಗೆ ತಪ್ಪುತ್ತದೆ. ಮೊದಲ ವಾರ ನಾನು ವಿಮಾನದ ಮೂಗು ಓರೆಯಾಗಿಯೇ ನೆಲ ಮುಟ್ಟಿಸುತ್ತಿದ್ದೆ. ಇದಕ್ಕೆ ಅಭ್ಯಾಸವೊಂದೇ ಮದ್ದು. ವಿಮಾನ ಹ್ಯಾಂಗರ್‌ನಲ್ಲಿ ನಿಂತಿರುವಾಗ ಅನುಮತಿ ಕೇಳಿಕೊಂಡು ಬಲಗಡೆ ಹೋಗಿ ಕುಳಿತುಕೊಳ್ಳಿ. ಕಣ್ಣು ಮುಚ್ಚಿ ಪ್ರತಿಯೊಂದು ಗುಂಡಿಯನ್ನೂ ಮುಟ್ಟಿ ಹೆಸರು ಹೇಳಿ. ಹೊರಗೆ ನೋಡಿ ಮೂಗಿನ ಮೇಲೆ ಕ್ಷಿತಿಜ ಎಲ್ಲಿ ಹಾಯುತ್ತದೆ ಎಂದು ಗುರುತು ಮಾಡಿಕೊಳ್ಳಿ.

ಎರಡನೆಯದು ಪ್ಯಾಟರ್. ನಮ್ಮ ವೃತ್ತಿಯಲ್ಲಿ ಈ ಮಾತು ದಿನಕ್ಕೆ ಹತ್ತು ಸಲ ಬರುತ್ತದೆ. ಕೈ ಮಾಡುತ್ತಿರುವುದನ್ನು ಬಾಯಿ ಹೇಳುತ್ತಾ ಹೋಗುವುದು, ಅದೂ ಚಲನೆಗೆ ಸರಿಯಾಗಿ, ಒಂದು ಪದ ಹೆಚ್ಚಿಲ್ಲದೆ. ನನ್ನ ಅಮ್ಮ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದರು. ಮಕ್ಕಳ ಕೈ ಹಿಡಿದು ‘ಅ’ ತಿದ್ದಿಸುವಾಗ ಬೆರಳು ಎಲ್ಲಿ ಸುತ್ತುತ್ತದೆಯೋ ಅಲ್ಲಿ ‘ಸುತ್ತು’, ಎಲ್ಲಿ ಎಳೆಯುತ್ತದೆಯೋ ಅಲ್ಲಿ ‘ಎಳಿ’ ಎನ್ನುತ್ತಿದ್ದರು. ಪ್ಯಾಟರ್ ಎಂದರೆ ಅಷ್ಟೇ. ಎಡಕ್ಕೆ ತಿರುಗುವುದನ್ನು ತೋರಿಸುವುದಾದರೆ: ‘ಎಡಗಡೆ ನೋಡಿದೆ, ಯಾರೂ ಇಲ್ಲ. ಯೋಕ್ ಎಡಕ್ಕೆ, ಜೊತೆಗೆ ಎಡ ರಡ್ಡರ್ ಸ್ವಲ್ಪ. ಓರೆ ಸಾಕು, ಯೋಕ್ ನಡುವಿಗೆ. ಮೂಗು ಇಳಿಯುತ್ತಿದೆ, ಹಿಂದಕ್ಕೆ ಒಂದು ಎಳೆ ಒತ್ತಡ.’ ಬಾಯಿ ಹಿಂದೆ ಬಿದ್ದರೆ ವಿದ್ಯಾರ್ಥಿ ಈಗಿನ ಚಲನೆಗೆ ಹಿಂದಿನ ಮಾತನ್ನು ಅಂಟಿಸಿಕೊಳ್ಳುತ್ತಾನೆ. ಅದನ್ನು ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ. ಮನೆಯಲ್ಲಿ ಕುರ್ಚಿಯ ಮೇಲೆ ಕುಳಿತು ಗಟ್ಟಿಯಾಗಿ ಅಭ್ಯಾಸ ಮಾಡಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿ. ಬೇಡದ ಪದಗಳು ಕಿವಿಗೆ ತಾವಾಗಿ ಚುಚ್ಚುತ್ತವೆ.

ಯೋಕ್ ಹಿಡಿಯುವ ಬಗ್ಗೆಯೂ ಹೇಳಿಬಿಡುತ್ತೇನೆ. ಹೆದರಿದವರು ಅದನ್ನು ಬಸ್ಸಿನ ಕಂಬಿಯಂತೆ ಹಿಡಿಯುತ್ತಾರೆ. ‘ಸಡಿಲವಾಗಿ ಹಿಡಿ’ ಎಂದು ನೂರು ಸಲ ಹೇಳಿದರೂ ಬೆರಳು ಬಿಡುವುದಿಲ್ಲ. ನಾನು ‘ಕರಿದ ಹಪ್ಪಳ ಹಿಡಿದಿದ್ದೀಯ ಎಂದುಕೋ’ ಎನ್ನುತ್ತೇನೆ. ಬೆರಳುಗಳು ಅಲ್ಲೇ ಸಡಿಲಗೊಳ್ಳುತ್ತವೆ.

ಎಲ್ಲಕ್ಕಿಂತ ಕಷ್ಟದ ವಿದ್ಯೆ ನಿಮ್ಮ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡಿರುವುದು. ಅಸಿಸ್ಟೆಂಟ್ ಆಗಿದ್ದ ಮೊದಲ ತಿಂಗಳುಗಳಲ್ಲಿ ನನ್ನ ವಿದ್ಯಾರ್ಥಿಗಳ ಲ್ಯಾಂಡಿಂಗ್ ಎಲ್ಲ ನಯವಾಗಿರುತ್ತಿದ್ದವು. ನಾನು ಹಿಗ್ಗಿದ್ದೆ. ಹಿರಿಯರು ಒಂದು ದಿನ ಕರೆದು, ‘ಅವು ನಿನ್ನ ಲ್ಯಾಂಡಿಂಗ್‌ಗಳು. ಅವರ ಲ್ಯಾಂಡಿಂಗ್ ನಾನು ಇನ್ನೂ ನೋಡಿಲ್ಲ’ ಎಂದರು. ನನಗೇ ತಿಳಿಯದಂತೆ ಎರಡು ಬೆರಳಿನಲ್ಲಿ ಯೋಕ್ ತಳ್ಳಿ ತಿದ್ದುತ್ತಿದ್ದೆ. ಅಂದಿನಿಂದ ಪ್ರತಿ ಹಾರಾಟಕ್ಕೂ ಮೊದಲು ನನ್ನ ಗೆರೆಗಳನ್ನು ಎಳೆದುಕೊಳ್ಳುತ್ತೇನೆ. ಸೆಸ್ನಾ 172ರಲ್ಲಿ ಫ್ಲ್ಯಾಪ್ ಇಳಿಸಿ ಅಂತಿಮ ಹಂತಕ್ಕೆ ಬಂದಾಗ 65 ನಾಟ್ ವೇಗ ನಮ್ಮ ಗುರಿ. 60ಕ್ಕೆ ಇಳಿದರೆ ‘ವೇಗ’ ಎಂಬ ಒಂದೇ ಮಾತು ಆಡುತ್ತೇನೆ. 55ಕ್ಕೆ ಬಂದರೆ ಕಂಟ್ರೋಲ್ ನನ್ನದು. ನಡುವಿನ ಆ ಐದು ನಾಟ್ ವಿದ್ಯಾರ್ಥಿಗೆ ಸೇರಿದ್ದು; ಅವನು ತಪ್ಪು ಮಾಡಿ, ಕಂಡು, ತಾನೇ ಸರಿಪಡಿಸಿಕೊಳ್ಳುವ ಜಾಗ. ಗೆರೆ ನೆಲದ ಮೇಲಿರುವಾಗಲೇ ನಿಮ್ಮ ತಲೆಯಲ್ಲಿರಬೇಕು. ಗಾಳಿಯಲ್ಲಿ ಹೋಗಿ ಎಳೆಯುತ್ತೇನೆ ಎಂದರೆ ಭಯ ಒಂದು ಕಡೆ, ಹಟ ಇನ್ನೊಂದು ಕಡೆ ಎಳೆಯುತ್ತದೆ.

ಕಂಟ್ರೋಲ್ ತೆಗೆದುಕೊಳ್ಳುವಾಗ ಮೌನವಾಗಿ ತೆಗೆದುಕೊಳ್ಳಬೇಡಿ. ‘ಐ ಹ್ಯಾವ್ ಕಂಟ್ರೋಲ್’ ಎಂದು ನೀವು, ‘ಯೂ ಹ್ಯಾವ್ ಕಂಟ್ರೋಲ್’ ಎಂದು ಅವನು, ಮತ್ತೆ ‘ಐ ಹ್ಯಾವ್ ಕಂಟ್ರೋಲ್’ ಎಂದು ನೀವು. ಮೂರೂ ಆಗಬೇಕು. ವಿಮಾನವನ್ನು ಇಬ್ಬರು ಹಿಡಿದಿರುವುದು, ಇಲ್ಲವೇ ಇಬ್ಬರೂ ಬಿಟ್ಟಿರುವುದು, ಎರಡೂ ಅಪಾಯವೇ.

ನನ್ನದೇ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಆಗ ಬೇರೆ ಕಡೆ ಇದ್ದೆ, ಸೆಸ್ನಾ 152ರಲ್ಲಿ ಕಲಿಸುತ್ತಿದ್ದೆ. ಆ ವಿಮಾನದಲ್ಲಿ ನಡುವೆ ಥ್ರಾಟಲ್, ಅದರ ಎಡಕ್ಕೆ ಎಂಜಿನ್ನಿನ ಒಳದಾರಿಯಲ್ಲಿ ಮಂಜುಗಟ್ಟದಂತೆ ಬಿಸಿಗಾಳಿ ಕೊಡುವ ಕಾರ್ಬ್ಯುರೇಟರ್ ಹೀಟ್, ಬಲಕ್ಕೆ ಹೊರಗೆಳೆದರೆ ಇಂಧನ ನಿಲ್ಲಿಸುವ ಕೆಂಪು ಬಣ್ಣದ ಮಿಕ್ಸ್‌ಚರ್ ಗುಂಡಿ. ಅದು ಆ ದಿನದ ನನ್ನ ಐದನೆಯ ಹಾರಾಟ, ನಾಲ್ಕೂವರೆ ಗಂಟೆಯಿಂದ ಎದ್ದಿದ್ದೆ. ಡೌನ್‌ವಿಂಡ್‌ನಲ್ಲಿ (ಇಳಿಯುವ ಮುನ್ನ ರನ್‌ವೇ ಪಕ್ಕದಲ್ಲಿ ಅದಕ್ಕೆ ಸಮಾನಾಂತರವಾಗಿ ಹಾರುವ ಹಂತ) ವಿದ್ಯಾರ್ಥಿ ‘ಕಾರ್ಬ್ ಹೀಟ್’ ಎಂದು ಸರಿಯಾಗಿಯೇ ಹೇಳಿದ. ಸರಿಯಾಗಿ ಹೇಳಿದ್ದರಿಂದ ನಾನು ಅವನ ಕೈಯನ್ನು ನೋಡಲಿಲ್ಲ. ಮಂಡಿಯ ಮೇಲಿನ ಹಲಗೆಯಲ್ಲಿ ಸಮಯ ಬರೆಯುತ್ತಿದ್ದೆ. ಎಂಜಿನ್ ಶಬ್ದ ನಿಂತಿತು. ಪ್ರೊಪೆಲರ್ ಗಾಳಿಗೆ ಸುಮ್ಮನೆ ತಿರುಗುತ್ತಿತ್ತು, ರೆಕ್ಕೆಯ ಮೇಲೆ ಗಾಳಿ ಹಾಯುವ ಸದ್ದು ಮಾತ್ರ ಕೇಳುತ್ತಿತ್ತು. ತಲೆಯೆತ್ತಿದರೆ ಕೆಂಪು ಗುಂಡಿ ಹೊರಗೆ ಬಂದಿತ್ತು. ಒಳಗೆ ತಳ್ಳಿದೆ, ಎಂಜಿನ್ ಒಮ್ಮೆ ಕೆಮ್ಮಿ ಹಿಡಿದುಕೊಂಡಿತು. ಎಲ್ಲ ಸೇರಿ ಮೂರು ನಾಲ್ಕು ಸೆಕೆಂಡು. ರನ್‌ವೇ ಪಕ್ಕದಲ್ಲೇ ಇತ್ತು, ಎತ್ತರ ಸಾವಿರ ಅಡಿ ಇತ್ತು, ಎಂಜಿನ್ ಹಿಡಿಯದಿದ್ದರೂ ಬಹುಶಃ ಇಳಿಯುತ್ತಿದ್ದೆವು. ಆದರೆ ಆ ಹುಡುಗನ ಮುಖದಲ್ಲಿ ರಕ್ತವಿರಲಿಲ್ಲ. ಕೆಳಗೆ ಬಂದ ಮೇಲೆ ಅವನಿಗೆ ನಾನು ಹೇಳಿದ್ದು ಇಷ್ಟೇ: ‘ಗುಂಡಿ ತಪ್ಪಿದ್ದು ನೀನು, ನೋಡದಿದ್ದದ್ದು ನಾನು. ನೋಡುವುದು ನನ್ನ ಕೆಲಸವಾಗಿತ್ತು.’ ಘಟನೆಯನ್ನು ಅದೇ ಸಂಜೆ ವರದಿ ಮಾಡಿದೆ. ಅಂದಿನಿಂದ ದಿನಕ್ಕೆ ನಾಲ್ಕು ಹಾರಾಟಕ್ಕಿಂತ ಹೆಚ್ಚು ಒಪ್ಪಿಕೊಂಡಿಲ್ಲ. ಕಾನೂನು ಎಷ್ಟಕ್ಕೆ ಬಿಡುತ್ತದೆ ಎಂಬುದು ಒಂದು ಲೆಕ್ಕ. ನನ್ನ ಕಣ್ಣು ಎಷ್ಟರವರೆಗೆ ಎಚ್ಚರವಿರುತ್ತದೆ ಎಂಬುದು ಇನ್ನೊಂದು. ನಿಮ್ಮ ಲೆಕ್ಕವನ್ನು ನೀವೇ ಕಂಡುಕೊಂಡು, ಚೀಫ್ ಇನ್‌ಸ್ಟ್ರಕ್ಟರ್‌ಗೆ ಮೊದಲೇ ತಿಳಿಸಿ. ಗಂಟೆ ಕೂಡಿಸುವ ಆಸೆಯಲ್ಲಿ ಐದನೆಯದನ್ನು ಒಪ್ಪಿಕೊಳ್ಳುವ ಪೈಲಟ್ ಆಗ ನಾನೇ ಆಗಿದ್ದೆ, ಆದ್ದರಿಂದ ಗಟ್ಟಿಯಾಗಿ ಹೇಳುತ್ತಿದ್ದೇನೆ.

ದಿನಚರಿ ಹೀಗಿರುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ನಾನು ನಾಲ್ಕೂಕಾಲಿಗೆ ಏಳುತ್ತೇನೆ. ಹಾರಾಟಕ್ಕೆ ಮುನ್ನ ಇನ್‌ಸ್ಟ್ರಕ್ಟರ್‌ಗೂ ವಿದ್ಯಾರ್ಥಿಗೂ ಉಸಿರಿನ ಮದ್ಯಪರೀಕ್ಷೆ ಆಗಬೇಕು. ಮದ್ಯಸಾರವಿರುವ ಮೌತ್‌ವಾಶ್ ಕೂಡ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಬೆಳಕು ಹರಿಯುವಾಗ ವಿದ್ಯಾರ್ಥಿ ರೆಕ್ಕೆಯ ಕೆಳಗೆ ಬಗ್ಗಿ ಇಂಧನದ ಮಾದರಿ ತೆಗೆಯುತ್ತಿರುತ್ತಾನೆ. ಗಾಜಿನ ನಳಿಕೆಯಲ್ಲಿ ತಿಳಿ ನೀಲಿ ಬಣ್ಣ ಕಾಣಬೇಕು, ತಳದಲ್ಲಿ ನೀರಿನ ಗುಳ್ಳೆ ಇರಬಾರದು. ಅವನು ನೋಡಿದ ಮೇಲೆ ನೀವೂ ನೋಡಿ, ಹತ್ತು ವರ್ಷವಾದರೂ ನೋಡಿ.

ಬೆಳಗಿನ ಹಾರಾಟ ಏಕೆ ಎಂಬುದನ್ನು ಪ್ರತಿ ಬ್ಯಾಚಿಗೂ ಲೆಕ್ಕ ಮಾಡಿಸಿ ತೋರಿಸುತ್ತೇನೆ. ಕಲಬುರಗಿಯ ನೆಲ ಸಮುದ್ರಮಟ್ಟದಿಂದ ಸುಮಾರು 1500 ಅಡಿ ಮೇಲಿದೆ. ಆ ಎತ್ತರಕ್ಕೆ ಪ್ರಮಾಣಿತ ಉಷ್ಣತೆ 12 ಡಿಗ್ರಿ. ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ಇದೆ ಎಂದುಕೊಳ್ಳಿ. ವ್ಯತ್ಯಾಸ 30. ಡಿಗ್ರಿಗೆ 120 ಅಡಿಯಂತೆ 3600 ಅಡಿ ಕೂಡಿಸಿದರೆ ಗಾಳಿಯ ತೆಳುತನದ ಲೆಕ್ಕದಲ್ಲಿ 5100 ಅಡಿ ಎತ್ತರ ಆಯಿತು. ನಂದಿಬೆಟ್ಟದ ನೆತ್ತಿ ಸುಮಾರು 4850 ಅಡಿ. ನಮ್ಮ ರನ್‌ವೇ ಮೇಲೆ ನಿಂತಿದ್ದರೂ ಎಂಜಿನ್ನಿಗೆ, ರೆಕ್ಕೆಗೆ ಸಿಗುವ ಗಾಳಿ, ಪ್ರಮಾಣಿತ ಉಷ್ಣತೆಯ ದಿನ ನಂದಿಬೆಟ್ಟದ ತುದಿಯಲ್ಲಿ ಸಿಗುವುದಕ್ಕಿಂತ ತೆಳುವಾದದ್ದು. ಓಟ ಉದ್ದವಾಗುತ್ತದೆ, ಏರುವುದು ನಿಧಾನವಾಗುತ್ತದೆ. ಜೊತೆಗೆ ಕಾದ ಕಪ್ಪುಮಣ್ಣಿನಿಂದ ಏಳುವ ಗಾಳಿ ವಿಮಾನವನ್ನು ಮೊರದಲ್ಲಿ ಕೇರುವಂತೆ ಕೇರುತ್ತದೆ. ಅಂಥ ಹೊತ್ತಿನಲ್ಲಿ ಹೊಸಬರಿಗೆ ಕಲಿಸಿದ್ದು ತಲೆಗೆ ಇಳಿಯುವುದಿಲ್ಲ. ಆಗ ತರಗತಿ ಪಾಠ. ಹವಾಮಾನ, ನ್ಯಾವಿಗೇಷನ್, ನಿಯಮಗಳು, ಎಲ್ಲದರಲ್ಲೂ 70 ಅಂಕ ಬರಬೇಕು. ಪಾಠ ಮುಗಿದು ದಾಖಲೆ ಬರೆಯುವ ಹೊತ್ತಿಗೆ ಸಂಜೆಯಾಗಿರುತ್ತದೆ. ರಾತ್ರಿ ಒಂಬತ್ತಕ್ಕೆ ಮಲಗದಿದ್ದರೆ ಮರುದಿನ ಹಾರುವ ಹಕ್ಕು ನನಗಿಲ್ಲ ಎಂದೇ ತಿಳಿದಿದ್ದೇನೆ. ಊರಿನ ಮದುವೆಗಳಲ್ಲಿ ಧಾರೆಗೆ ಹೋಗಿದ್ದೇನೆ, ಆರತಕ್ಷತೆಗೆ ಉಳಿದದ್ದು ಕಡಿಮೆ. ಮನೆಯವರಿಗೆ ಇದನ್ನು ಮೊದಲೇ ಹೇಳಿ; ಅವರ ಒಪ್ಪಿಗೆಯಿಲ್ಲದೆ ಈ ಕೆಲಸ ನಡೆಯುವುದಿಲ್ಲ.

ಔರಾದ್ ಕಡೆಯಿಂದ ಒಬ್ಬ ಹುಡುಗ ಬಂದಿದ್ದ. ಹತ್ತನೆಯವರೆಗೆ ಕನ್ನಡ ಮಾಧ್ಯಮ, ಟ್ರ್ಯಾಕ್ಟರ್ ಓಡಿಸಿ ಬೆಳೆದವನು. ಕೈ ಎಷ್ಟು ಹದವಾಗಿತ್ತೆಂದರೆ ಮೂರನೆಯ ಹಾರಾಟಕ್ಕೇ ರಡ್ಡರ್ ಅವನ ಕಾಲಿಗೆ ತಾನಾಗಿ ಒದಗಿತು. ರೇಡಿಯೊ ಬಟನ್ ಒತ್ತಿದರೆ ಮಾತ್ರ ಗಂಟಲು ಕಟ್ಟುತ್ತಿತ್ತು. ನಿಲ್ದಾಣದ ಕಂಟ್ರೋಲ್ ಟವರ್ ಏನಾದರೂ ಕೇಳಿದರೆ ವಿಮಾನವನ್ನೂ ಮರೆಯುತ್ತಿದ್ದ. ನಾನು ಹ್ಯಾಂಗರ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ರನ್‌ವೇ, ಅದರ ಸುತ್ತ ಹಾರುವ ದಾರಿ, ಅಂದರೆ ಸರ್ಕ್ಯೂಟ್, ಬರೆದೆ. ಅವನು ಆ ಗೆರೆಯ ಮೇಲೆ ನಡೆಯಬೇಕು, ಡೌನ್‌ವಿಂಡ್ ಬಂದಾಗ ಗಟ್ಟಿಯಾಗಿ ಕರೆ ಹೇಳಬೇಕು, ನಾನು ಟವರ್ ಆಗಿ ಉತ್ತರ ಕೊಡಬೇಕು. ಏಕೆ, ಹೇಗೆ ಎಂಬ ವಿವರಣೆಯೆಲ್ಲ ಕನ್ನಡದಲ್ಲಿ. ಕರೆ ಮಾತ್ರ ಟವರ್ ಕೇಳಬೇಕಾದ ಇಂಗ್ಲಿಷಿನಲ್ಲಿ, ಒಂದಕ್ಷರ ಬದಲಾಗದೆ. ಎಂಟು ದಿನ, ದಿನಕ್ಕೆ ಅರ್ಧ ಗಂಟೆ ನಡೆದೆವು. ಒಂಬತ್ತನೆಯ ದಿನ ಟವರ್ ಅವನಿಗೆ ಅನಿರೀಕ್ಷಿತವಾಗಿ ಸುತ್ತು ಹೊಡೆಯಲು ಹೇಳಿತು. ಅವನು ಅದನ್ನು ಪೂರ್ತಿಯಾಗಿ ಮರುನುಡಿದು ವಿಮಾನ ತಿರುಗಿಸಿದ. ಹೆದರಿದವನಿಗೆ ಅವನ ಭಾಷೆಯಲ್ಲಿ ಅರ್ಥ ಮಾಡಿಸಿ. ಅದನ್ನು ಕೀಳೆಂದು ತಿಳಿಯುವ ಇನ್‌ಸ್ಟ್ರಕ್ಟರ್‌ಗಳನ್ನು ನೋಡಿದ್ದೇನೆ, ನನಗೆ ಬೇಸರವಾಗುತ್ತದೆ.

ದಾಖಲೆಯನ್ನು ಅಂದೇ ಬರೆಯಿರಿ. ‘ಚೆನ್ನಾಗಿದೆ’, ‘ಸುಧಾರಿಸಬೇಕು’ ಎಂಬ ಮಾತುಗಳಿಂದ ಯಾರಿಗೂ ಉಪಯೋಗವಿಲ್ಲ. ‘ಅಂತಿಮ ಹಂತದಲ್ಲಿ ವೇಗ 72, ಎರಡು ಸಲ; ಫ್ಲೇರ್‌ನಲ್ಲಿ (ನೆಲ ಮುಟ್ಟುವ ಮುನ್ನ ಮೂಗು ಎತ್ತುವಾಗ) ಕಣ್ಣು ಮೂಗಿನ ಮುಂದೆಯೇ ಇದೆ, ರನ್‌ವೇ ತುದಿಗೆ ಹೋಗುತ್ತಿಲ್ಲ’ ಎಂದು ಬರೆದರೆ ನಾಳೆ ನೀವು ಜ್ವರದಲ್ಲಿ ಮಲಗಿದರೂ ಇನ್ನೊಬ್ಬರು ಅಲ್ಲಿಂದ ಮುಂದುವರಿಸಬಹುದು. ಇನ್ನು, ಹಾರದ ನಿಮಿಷವನ್ನು ಯಾರು ಎಷ್ಟೇ ಒತ್ತಾಯಿಸಿದರೂ ಹಾರಿದ್ದೆಂದು ಸಹಿ ಮಾಡಬೇಡಿ. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಪರವಾನಗಿ ಪಡೆದವರು ದೇಶದಲ್ಲಿ ಸಿಕ್ಕಿಬಿದ್ದಾಗ ನ್ಯಾಯವಾಗಿ ಕಲಿತವರೂ ತಲೆತಗ್ಗಿಸಬೇಕಾಯಿತು. ನಿಮ್ಮ ಸಹಿಯನ್ನು ನಂಬಿ ನಾಳೆ ಯಾರೋ ಆ ಹುಡುಗನ ಹಿಂದೆ ಪ್ರಯಾಣಿಕರಾಗಿ ಕೂರುತ್ತಾರೆ.

ಕೆಲವರಿಗೆ ‘ನಿನಗೆ ಇದು ಆಗುವುದಿಲ್ಲ’ ಎಂದೂ ಹೇಳಬೇಕಾಗುತ್ತದೆ. ಹದಿನಾಲ್ಕು ವರ್ಷದಲ್ಲಿ ಮೂವರಿಗೆ ಹೇಳಿದ್ದೇನೆ. ಒಬ್ಬ ತಂದೆ ಇಡೀ ಮಧ್ಯಾಹ್ನ ಕಚೇರಿಯ ಬೆಂಚಿನ ಮೇಲೆ ಕುಳಿತಿದ್ದರು. ಹೇಳುವ ಮುನ್ನ ಇನ್ನೊಬ್ಬ ಇನ್‌ಸ್ಟ್ರಕ್ಟರ್ ಜೊತೆ ಎರಡು ಹಾರಾಟ ಮಾಡಿಸಿ. ದೋಷ ನಿಮ್ಮ ಕಲಿಸುವಿಕೆಯದೇ ಇರಬಹುದು. ಅವರದೂ ಅದೇ ಮಾತಾದರೆ ತಡಮಾಡದೆ ಹೇಳಿ. ತಡಮಾಡಿದಷ್ಟೂ ಆ ಮನೆಯ ಸಾಲ ಬೆಳೆಯುತ್ತದೆ.

ಸಂಬಳ ಏರ್‌ಲೈನ್‌ನಷ್ಟು ಇರುವುದಿಲ್ಲ. ಕರೆ ಬಂದಾಗ ಹೋಗಿ, ಹೋಗಬಾರದೆಂದು ಯಾರೂ ಹೇಳಲಾರರು. ಆದರೆ ಅರ್ಜಿ ಹಾಕುವ ದಿನವೇ ಚೀಫ್ ಇನ್‌ಸ್ಟ್ರಕ್ಟರ್‌ಗೆ ತಿಳಿಸಿ. ಹೊಸ ವಿದ್ಯಾರ್ಥಿಯನ್ನು ತೆಗೆದುಕೊಳ್ಳಬೇಡಿ. ಇರುವವರನ್ನು ಸೋಲೋ ಅಥವಾ ಪರೀಕ್ಷೆ, ಯಾವುದು ಹತ್ತಿರವೋ ಅಲ್ಲಿಯವರೆಗೆ ಮುಟ್ಟಿಸಿ. ನಿಮ್ಮ ಜಾಗಕ್ಕೆ ಬರುವವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಒಂದೆರಡು ಹಾರಾಟ ಮಾಡಿ.

ಕೊನೆಯದಾಗಿ, ನೀವು ಫ್ಲೈಟ್ ಇನ್‌ಸ್ಟ್ರಕ್ಟರ್ ಆದ ಮೇಲೆ ಬರುವ ಸೋಲೋ ದಿನ. ಅದನ್ನು ಮುಂಚೆಯೇ ಹೇಳಬೇಡಿ. ಹೇಳಿದರೆ ಅವನು ರಾತ್ರಿ ನಿದ್ರೆ ಮಾಡುವುದಿಲ್ಲ. ಗಾಳಿ ರನ್‌ವೇಗೆ ನೇರವಾಗಿರುವ ಒಂದು ಬೆಳಿಗ್ಗೆ ಜೊತೆಯಲ್ಲಿ ಮೂರು ಲ್ಯಾಂಡಿಂಗ್ ಮಾಡಿಸಿ. ಮೂರೂ ಅವನದೇ ಆಗಿದ್ದರೆ, ಎಂದರೆ ನಿಮ್ಮ ಕೈ ತೊಡೆ ಬಿಟ್ಟು ಏಳದಿದ್ದರೆ, ಪಾರ್ಕಿಂಗ್ ಜಾಗಕ್ಕೆ ತರಿಸಿ ಇಳಿಯಿರಿ. ಇಳಿಯುವಾಗ ನಿಮ್ಮ ಸೀಟಿನ ಬೆಲ್ಟನ್ನು ಎಳೆದು ಬಿಗಿಯಾಗಿ ಕಟ್ಟಿ, ಸಡಿಲವಾಗಿ ಬಿಟ್ಟರೆ ಯೋಕ್‌ಗೆ ಸಿಕ್ಕಿಕೊಳ್ಳಬಹುದು. ನಿಮ್ಮ ತೂಕ ಇಲ್ಲದ್ದರಿಂದ ವಿಮಾನ ಬೇಗ ಏಳುತ್ತದೆ, ಬೇಗ ಏರುತ್ತದೆ, ಇಳಿಯುವಾಗ ಸ್ವಲ್ಪ ಹೆಚ್ಚು ತೇಲುತ್ತದೆ ಎಂದು ತಿಳಿಸಿ. ಒಂದೇ ಸುತ್ತು, ಇಷ್ಟವಾಗದಿದ್ದರೆ ಮೇಲಕ್ಕೆತ್ತಿ ಮತ್ತೆ ಬಾ ಎನ್ನಿ. ಬೇರೆ ಯಾವ ಉಪದೇಶವೂ ಬೇಡ. ಬಾಗಿಲು ಹಾಕಿ, ಚಿಲಕ ಬಿದ್ದಿದೆಯೇ ನೋಡಿ, ಅವನ ಕಣ್ಣಿಗೆ ಕಾಣುವಂತೆ ಹಿಂದೆ ಸರಿದು ನಿಲ್ಲಿ.

ಆಮೇಲೆ ನಿಮ್ಮ ಕೈಯಲ್ಲಿ ರೇಡಿಯೊ ಇರುತ್ತದೆ. ಮಾತಾಡಬೇಡಿ. ಆ ಏಳೆಂಟು ನಿಮಿಷದಲ್ಲಿ ನನ್ನ ಬಾಯಿ ಇವತ್ತಿಗೂ ಒಣಗುತ್ತದೆ; ಬೆರಳುಗಳು ಇಲ್ಲದ ಯೋಕನ್ನು ತಳ್ಳುತ್ತಿರುತ್ತವೆ.

ಅವನು ಇಳಿದು ಬಂದ ಮೇಲೆ ಗೆಳೆಯರು ನೀರು ಸುರಿಯುತ್ತಾರೆ, ಫೋಟೊ ತೆಗೆಯುತ್ತಾರೆ. ಅವೆಲ್ಲ ಮುಗಿಯಲಿ. ತಲೆ ಒರೆಸಿಕೊಂಡು ಬಂದಾಗ ಮೇಜಿನ ಮುಂದೆ ಕೂರಿಸಿ ಲಾಗ್‌ಬುಕ್ ತೆರೆಸಿ. ಪೈಲಟ್ ಇನ್ ಕಮಾಂಡ್ ಎಂಬ ಕಾಲಂನಲ್ಲಿ ಇಷ್ಟು ದಿನ ನಿಮ್ಮ ಹೆಸರಿತ್ತು. ಇಂದು ಅವನು ಅಲ್ಲಿ ‘ಸೆಲ್ಫ್’ ಎಂದು ಬರೆಯಬೇಕು. ಕೈ ನಡುಗುತ್ತಿದ್ದರೆ ಕಾಯಿರಿ, ಅಕ್ಷರ ಅವನೇ ಬರೆಯಲಿ. ನಾಳೆ ಬೆಳಿಗ್ಗೆ ಆರಕ್ಕೆ ಮತ್ತೆ ನನ್ನ ಜೊತೆ ಹಾರಾಟ ಇದೆ ಎಂದು ನೆನಪಿಸಿ, ಮನೆಗೆ ಫೋನ್ ಮಾಡಲು ಕಳುಹಿಸಿ.